ಕಟ್ಟಿದ ಫೀಸಿಗೆ ಫಲವೆಷ್ಟು?

ಮೂರು ವರ್ಷದ ಮಗುವಿನ ಶಾಲೆಗೆ ವರ್ಷಕ್ಕೆ 95,000 ರೂಪಾಯಿ ಕೊಡುವುದು ಧರ್ಮಜಿಜ್ಞಾಸೆಯ ವಿಷಯ ಎಂದರೆ ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಮಗನಿಗೆ ಅದು ಮನೆಸಾಲದ ಕಂತಿನ ಕೆಳಗೆ ಬರೆದ ಇನ್ನೊಂದು ಖರ್ಚು, ಅಷ್ಟೇ. ಸೊಸೆ ಮಾತ್ರ ಬಾಯಿಬಿಟ್ಟು ಕೇಳಿದಳು: "ಅತ್ತೀ, ಇಷ್ಟು ರೊಕ್ಕಾ ಕೊಟ್ಟ ಮ್ಯಾಲೆ ಅಷ್ಟು ಕಲಸ್ತಾರೇನ್ರಿ?"

ನನ್ನನ್ನೇ ಕೇಳಲು ಕಾರಣವಿದೆ. ಧಾರವಾಡ, ಹುಬ್ಬಳ್ಳಿಗಳ ಬ್ಯಾಂಕ್ ಶಾಖೆಗಳಲ್ಲಿ ಬಂಗಾರದ ಸಾಲ ಕೊಡುತ್ತಲೇ ನನ್ನ ನೌಕರಿ ಮುಗಿಯಿತು. ತೂಗಿ, ಕಲ್ಲಿನ ತೂಕ ಕಳೆದು, ಒರೆಗೆ ಹಚ್ಚಿ, ಇಷ್ಟಕ್ಕೆ ಇಷ್ಟು ಎಂದು ಬರೆಯುವ ಕೆಲಸ. ಈಗ ಪುಣೆಯ ವಾಕಡದಲ್ಲಿ ಮಗನ ಜೊತೆಗಿದ್ದೇನೆ. ನಮ್ಮ ಸೊಸೈಟಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ನಾಲ್ಕಾರು ಪ್ರಿಸ್ಕೂಲುಗಳಿವೆ. ಎಲ್ಲದರ ಗೋಡೆಯ ಮೇಲೂ ಜಿರಾಫೆ.

ಸೊಸೆ ತಂದಿಟ್ಟ ಪತ್ರಕಗಳನ್ನು ಓದಿದೆ. ಒಂದರಲ್ಲಿ, ನರ್ಸರಿ ಮುಗಿಯುವುದರೊಳಗೆ ಮಗು 50ರವರೆಗೆ ಅಂಕಿ ಬರೆಯುತ್ತದೆ, 26 ಇಂಗ್ಲಿಷ್ ಅಕ್ಷರಗಳ ಧ್ವನಿ ಹೇಳುತ್ತದೆ ಎಂದಿತ್ತು. ಇನ್ನೊಂದರಲ್ಲಿ ಐದು ಎಸಳಿನ ಕಮಲ. ಎಸಳಿಗೊಂದರಂತೆ ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ. ಇದು ಆ ಶಾಲೆಯ ಕಲ್ಪನೆಯಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವೆಂದು ಕಂಡಿತು. ಆ ಹಂತಕ್ಕಾಗಿ 2022ರ ಅಕ್ಟೋಬರಿನಲ್ಲಿ ಬಂದ ಪಠ್ಯಕ್ರಮದ ಚೌಕಟ್ಟು ಪಂಚಕೋಶಗಳ ವಿಚಾರವನ್ನು ಸೇರಿಸಿಕೊಂಡಿತು. ಅಲ್ಲಿಂದ ಅದು ಪತ್ರಕಕ್ಕೆ ಇಳಿದಿದೆ. ಆನಂದಮಯ ಕೋಶಕ್ಕೂ ಮೂರು ತಿಂಗಳಿಗೊಮ್ಮೆ ಗ್ರೇಡ್ ಕೊಡುತ್ತೀರಾ ಎಂದು ಕೌಂಟರಿನಲ್ಲಿದ್ದ ಹುಡುಗಿಯನ್ನು ಕೇಳಿದೆ. ಹೌದು ಆಂಟಿ, ಆ್ಯಪಿನಲ್ಲೇ ಬರುತ್ತದೆ ಎಂದಳು.

ಈ ಐದೂ ಬರುವ ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಕತೆಯ ನಡೆ ಬೇರೆಯೇ ಇದೆ. ಭೃಗು ಅಪ್ಪ ವರುಣನ ಬಳಿ ಹೋಗಿ ಬ್ರಹ್ಮವನ್ನು ತಿಳಿಸಿಕೊಡು ಎನ್ನುತ್ತಾನೆ. ವರುಣ ಒಂದು ಸುಳಿವು ಕೊಟ್ಟು, ತಪಸ್ಸು ಮಾಡಿ ನೀನೇ ತಿಳಿ ಎಂದು ಕಳಿಸುತ್ತಾನೆ. ಮಗನಿಗೆ ಮೊದಲು ಹೊಳೆಯುವುದು ಅನ್ನ. ಆಮೇಲೆ ಪ್ರಾಣ, ಮನಸ್ಸು, ವಿಜ್ಞಾನ, ಕೊನೆಗೆ ಆನಂದ. ಪ್ರತಿ ಸಲ ಅವನು ತಿರುಗಿ ಬಂದಾಗಲೂ ಅಪ್ಪ ಸರಿ ಎನ್ನುವುದಿಲ್ಲ, ತಪ್ಪೆಂದೂ ಅನ್ನುವುದಿಲ್ಲ. ಮತ್ತೆ ಹೋಗು ಎನ್ನುತ್ತಾನೆ. ಭೃಗುವೇನೂ ಮೂರು ವರ್ಷದವನಲ್ಲ, ಗೊತ್ತು. ನನಗೆ ಬೇಕಾದದ್ದು ಆ ಅಪ್ಪ. ಮಗ ಎಲ್ಲಿಗೆ ಮುಟ್ಟಿದ್ದಾನೆಂದು ಅವನಿಗೆ ತಿಳಿದಿತ್ತು. ಆದರೂ ಮುಂದಿನ ಮೆಟ್ಟಿಲನ್ನು ಎಳೆದು ತಂದು ಕಾಲಡಿ ಇಡಲಿಲ್ಲ.

ಭೃಗುವಿನ ಮೊದಲ ಉತ್ತರ ಅನ್ನವಾಗಿತ್ತಲ್ಲ, ನಮ್ಮ ದೇಶದ ಅಂಗನವಾಡಿಯೂ ಅಲ್ಲಿಂದಲೇ ಹೊರಟಿತು. 1975ರ ಅಕ್ಟೋಬರ್ 2ರಂದು ಸರ್ಕಾರದ ಯೋಜನೆ ಶುರುವಾಗುವುದಕ್ಕೆ ಎಷ್ಟೋ ಮೊದಲು ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಈ ದಾರಿಯಲ್ಲಿದ್ದರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಜೊತೆ ಮಾಂಟೆಸ್ಸರಿ ಪದ್ಧತಿಯಲ್ಲಿ ಕೆಲಸ ಮಾಡಿದವರು, 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಬಂದು, ಅನುತಾಯಿ ವಾಘ್ ಜೊತೆ ಬಡವರ ಮಕ್ಕಳಿಗೆ ಬಾಲವಾಡಿ ನಡೆಸಿದರು. ದನ ಕಾಯುವ, ತಮ್ಮ ತಂಗಿಯರನ್ನು ಸೊಂಟದಲ್ಲಿ ಹೊತ್ತ ಮಕ್ಕಳು ಶಾಲೆಯತ್ತ ಸುಳಿಯಲಿಲ್ಲ. ಆಗ ಇವರೇ ಅವರ ಅಂಗಳಕ್ಕೆ ಹೋದರು. ದುಬಾರಿ ಸಾಮಗ್ರಿಯ ಬದಲು ಕಪ್ಪೆಚಿಪ್ಪು, ಬೀಜ, ಬೆಣಚುಕಲ್ಲು. ಮಾಂಟೆಸ್ಸರಿಯವರೂ 1907ರಲ್ಲಿ ಮೊದಲ ಮಕ್ಕಳ ಮನೆ ತೆರೆದದ್ದು ರೋಮಿನ ಬಡವರ ಕೇರಿಯಲ್ಲೇ. ಇವತ್ತು ಯಾರು ಬೇಕಾದರೂ ಮಾಂಟೆಸ್ಸರಿ ಎಂಬ ಹೆಸರನ್ನು ಫಲಕದ ಮೇಲೆ ಬರೆಸಬಹುದು. ಬರೆಸಿದೊಡನೆ ಫೀಸು ಏರುತ್ತದೆ.

ನಮ್ಮ ಮನೆಗೆಲಸಕ್ಕೆ ಬರುವಾಕೆ ಇಂಡಿ ತಾಲೂಕಿನವಳು. ಅವಳ ಮಗ ಕಾಳೇವಾಡಿಯ ಅಂಗನವಾಡಿಗೆ ಹೋಗುತ್ತಾನೆ. "ಉಣ್ಣಾಕ ಕೊಡ್ತಾರ, ಹಾಡಾ ಕಲಸ್ತಾರ, ಮತ್ತೇನ್ ಬೇಕ್ರಿ ಅವ್ವಾರ" ಎನ್ನುತ್ತಾಳೆ. ಅದನ್ನು ಹೊಗಳಿ ಅಟ್ಟಕ್ಕೇರಿಸಲಾರೆ. ಅಲ್ಲಿನ ಸೇವಿಕೆ ಮಕ್ಕಳನ್ನು ತೂಗಬೇಕು, ಮೊಬೈಲಿನಲ್ಲಿ ದಾಖಲೆ ತುಂಬಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು. ಕೂತು ಕತೆ ಹೇಳಲು ಅವಳಿಗೆ ಹೊತ್ತೆಲ್ಲಿ?

ನನ್ನ ಪ್ರಶ್ನೆ ಇಲ್ಲಿ ಗಟ್ಟಿಯಾಗುತ್ತದೆ. ಕಲಿಯುವುದು ಮಗು, ದುಡ್ಡು ಕೊಡುವವರು ಅಪ್ಪ ಅಮ್ಮ. ಫಲ ಹುಟ್ಟುವುದು ಒಬ್ಬರಲ್ಲಿ, ಅದನ್ನು ಕಣ್ಣಾರೆ ಕಾಣಬೇಕೆಂಬ ಹಟ ಇನ್ನೊಬ್ಬರದು. ಶಾಲೆಗಾದರೂ ಬೇರೆ ದಾರಿ ಏನಿದೆ? ತೋರಿಸಬಹುದಾದದ್ದನ್ನೇ ಕಲಿಸುತ್ತದೆ. ಗ್ಯಾದರಿಂಗಿನಲ್ಲಿ ಕುಣಿತ, ಫೈಲಿನ ತುಂಬ ವರ್ಕ್‌ಶೀಟು, ಅವುಗಳಲ್ಲಿ ಅರ್ಧ ಟೀಚರೇ ಬಣ್ಣ ತುಂಬಿದ್ದು.

ಫಲದ ಆಸೆ ಬಿಡಬೇಕು ಎಂದು ನಾನು ಗೀತೆ ತೆಗೆದಾಗ ಸೊಸೆ ಸುಮ್ಮನಿರಲಿಲ್ಲ. "ಅದು ಹೊಟ್ಟಿ ತುಂಬಿದವರ ಮಾತು ಅತ್ತಿ. ಹಂಗಂತ ಯಾವುದೋ ಶಾಲಿಗೆ ಹಾಕೋದಾ?" ಒಳ್ಳೆಯ ಆಕ್ಷೇಪ. ಉತ್ತರ ಈ ಪುಣೆಯವರದೇ. ಮಂಡಾಲೆಯ ಸೆರೆಮನೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ಗೀತಾರಹಸ್ಯದಲ್ಲಿ ತಿಲಕರು ಉದ್ದಕ್ಕೂ ವಾದಿಸಿದ್ದು, ಗೀತೆ ಕೈಕಟ್ಟಿ ಕೂರಲು ಹೇಳುವುದಿಲ್ಲ ಎಂದೇ. ಇಲ್ಲಿನ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ ಆಲೂರ ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. ನಮ್ಮಪ್ಪನ ಕಪಾಟಿನಲ್ಲಿ ಆ ಪುಸ್ತಕವಿತ್ತು. ಅದರಿಂದ ನಾನು ತಿಳಿದುಕೊಂಡದ್ದಿಷ್ಟು: ಫಲದ ಮೇಲಿನ ಹಕ್ಕು ಬಿಟ್ಟವನು ಕರ್ಮವನ್ನು ಇನ್ನೂ ಕಟ್ಟುನಿಟ್ಟಾಗಿ ನೋಡಬೇಕು, ನೋಡಲು ಅವನ ಬಳಿ ಉಳಿಯುವುದು ಅದೊಂದೇ. ಮಗು ಮಾರ್ಚಿನಲ್ಲಿ ಏನು ಬರೆದೀತು ಎಂದು ಕೇಳುವುದು ಬಿಡೋಣ, ಇವತ್ತು ಹನ್ನೊಂದು ಗಂಟೆಗೆ ಆ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಬಿಡುವುದು ಬೇಡ.

ಫಲ ತೂಗುವ ಮಾತು ಬಂದಾಗ ನನಗೆ ನೆನಪಾಗುವುದು ಪುಣೆಯಿಂದ ಸುಮಾರು 40 ಕಿಲೋಮೀಟರ್ ದೂರದ ಪುರಂದರಗಡ. ಪುರಂದರದಾಸರು ಹುಟ್ಟಿದ್ದು ಅಲ್ಲಿ ಎಂಬುದು ಹಳೆಯ ನಂಬಿಕೆ; ಅಲ್ಲ, ತೀರ್ಥಹಳ್ಳಿಯ ಕಡೆ ಎನ್ನುವ ವಿದ್ವಾಂಸರೂ ಇದ್ದಾರೆ. ಎಲ್ಲಿಯವರಾದರೂ ಆಗಲಿ, ದಾಸರಾಗುವ ಮೊದಲು ಅವರು ಗಿರವಿ ವ್ಯಾಪಾರದ ಶ್ರೀನಿವಾಸ ನಾಯಕ; ಆ ನಾಯಕ ನನ್ನ ಕಸುಬಿನವನು. ಬಡ ಬ್ರಾಹ್ಮಣ ಅವನಲ್ಲಿಗೆ ಬಂದದ್ದು ಮಗನ ಉಪನಯನಕ್ಕೆ ಹಣ ಕೇಳಲು, ಅಂದರೆ ಹುಡುಗನ ಓದು ಶುರುವಾಗುವ ಸಂಸ್ಕಾರಕ್ಕೆ ಎಂಬುದನ್ನು ಕತೆ ಹೇಳುವವರು ಬೇಗ ದಾಟಿಬಿಡುತ್ತಾರೆ. ನಾಯಕ ಇವತ್ತು ನಾಳೆ ಎಂದು ಅಲೆಸಿದ. ಹೆಂಡತಿ ಮೂಗುತಿ ಬಿಚ್ಚಿ ಕೊಟ್ಟಳು. ಅದು ಅವನ ಅಂಗಡಿಗೇ ಗಿರವಿಗೆ ಬಂತು. ನೋಡಿದೊಡನೆ ಗುರುತು ಹಿಡಿದ, ಬೆಲೆಯೂ ಅವನಿಗೆ ಗೊತ್ತಿತ್ತು. ಅಷ್ಟು ಬಾಳುವ ಒಡವೆಯನ್ನು ಯಾರದೋ ಮಗನಿಗಾಗಿ ಹೆಂಡತಿ ಏಕೆ ಕೊಟ್ಟಳು ಎಂಬುದು ಮಾತ್ರ ಅವನ ತಕ್ಕಡಿಗೆ ಸಿಗಲಿಲ್ಲ.

ಎಲ್ಲ ಬಿಟ್ಟು ದಾಸನಾದವನು ಸಂಗೀತ ಕಲಿಯುವ ಮಕ್ಕಳಿಗೆ ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ವರಸೆಗಳ ಮೊದಲ ಪಾಠ ಹಾಕಿಕೊಟ್ಟ ಎನ್ನುತ್ತದೆ ಪರಂಪರೆ. ನಾನೂ ಚಿಕ್ಕಂದಿನಲ್ಲಿ ಸರಳೆ ಹಾಡಿದವಳು. ಅದನ್ನು ಕಚೇರಿಯಲ್ಲಿ ಯಾರೂ ಹಾಡುವುದಿಲ್ಲ. ವರ್ಷವಿಡೀ ಹೇಳಿಸಿಕೊಂಡ ಮಗು ನೆಂಟರ ಮುಂದೆ ನಿಂತು ಒಂದು ದೇವರನಾಮ ಹಾಡಲಾರದು. ಆದರೆ ಗಂಟಲು ಶ್ರುತಿಗೆ ಕೂಡುವುದು ಅಲ್ಲೇ. ಮೊದಲ ಪಾಠಕ್ಕೆ ತೋರಿಕೆಯ ಗುಣ ಬೇಕೆಂದಿದ್ದರೆ ದಾಸರು ನೇರವಾಗಿ ಒಂದು ಕೀರ್ತನೆಯನ್ನೇ ಹೇಳಿಕೊಡುತ್ತಿರಲಿಲ್ಲವೆ?

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಶಾಲೆಗಳಿಗೆ ಹೋದೆವು. ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು, ಪಾಯಖಾನೆಯ ನೆಲ ಒಣಗಿದೆಯೇ, ಅಳುವ ಮಗುವಿನ ಹತ್ತಿರ ಯಾರು ಹೋಗುತ್ತಾರೆ, ಇವನ್ನು ನೋಡಲು ಉಪನಿಷತ್ತು ಬೇಕಿಲ್ಲ. ಒಂದು ಕಡೆ ಮಗುವನ್ನು ಒಳಗೆ ಕರೆದು ಬಣ್ಣ ಗುರುತಿಸು ಎಂದರು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಹೀಗೆ ಪರೀಕ್ಷಿಸಿ ಸೇರಿಸಿಕೊಳ್ಳುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ನಿಷೇಧಿಸುತ್ತದೆ. ದೊಡ್ಡ ಮಕ್ಕಳಿಗೇ ಬೇಡವೆಂದದ್ದು ಮೂರು ವರ್ಷದವಳಿಗೆ ಏಕೆ ಎಂದೆ, ಅವರಿಗೆ ಹಿಡಿಸಲಿಲ್ಲ. ಹಳೆಯ ಬಂಗಲೆಯೊಂದರಲ್ಲಿ ನಡೆಯುವ ಶಾಲೆಯಲ್ಲಿ ಟೀಚರ್ ಒಬ್ಬರು ಸೊಸೆಯನ್ನು ಬಿಟ್ಟು ನನ್ನ ಕಡೆ ತಿರುಗಿ, ಉಚ್ಚೆ ಬಂದರೆ ಮಗು ಮನೆಯಲ್ಲಿ ಏನನ್ನುತ್ತಾಳೆ ಆಜಿ, ನೀರು ಬೇಕಾದರೆ ಏನನ್ನುತ್ತಾಳೆ ಎಂದು ಮರಾಠಿಯಲ್ಲಿ ಕೇಳಿದರು. ನಮ್ಮ ಮಾತುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು, ಮಕ್ಕಳನ್ನು ನೋಡಿಕೊಳ್ಳುವ ಮಾವಶಿಯನ್ನು ಕರೆದು ಎರಡು ಸಲ ಹೇಳಿಸಿದರು. ಮನೆಮಾತಿನಲ್ಲಿ ಕಲಿಕೆ ಎಂದು ನೀತಿಯಲ್ಲಿ ಬರೆದದ್ದು ಕೈಗೆ ಬಂದದ್ದನ್ನು ನಾನು ಕಂಡದ್ದು ಅಲ್ಲಿ. ಆ ಶಾಲೆಯ ಫೀಸು ಕಡಿಮೆಯೇನಲ್ಲ, 6,000 ಜಾಸ್ತಿ.

ಹೊರಡುವಾಗ ಮುಖ್ಯಸ್ಥೆಗೆ ಬ್ಯಾಂಕಿನವಳ ಪ್ರಶ್ನೆಯನ್ನೂ ಹಾಕಿದೆ: ಈ ಫೀಸಿನಲ್ಲಿ ಟೀಚರಿಗೆ ತಿಂಗಳಿಗೆ ಎಷ್ಟು ಹೋಗುತ್ತದೆ, ಅವರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಎರಡನೆಯದಕ್ಕೆ ಕೂಡಲೇ ಉತ್ತರ ಬಂತು, ಒಂಬತ್ತು ವರ್ಷ. ಮೊದಲನೆಯದಕ್ಕೆ ನಕ್ಕರು. ಮೊದಲ ಕಂತು ಕಟ್ಟಿದ್ದೇವೆ. ದೀಪಾವಳಿಯ ಹೊತ್ತಿಗೆ ಮಗ ಎಬಿಸಿಡಿ ಎಲ್ಲಿಗೆ ಬಂತು ಎಂದು ಕೇಳುತ್ತಾನೆ, ನನಗೆ ಗೊತ್ತು, ಕೇಳಲಿ. ನಾನು ಎರಡನೆಯ ಕಂತಿಗೆ ಹೋದಾಗ ಆ ನಕ್ಕ ಪ್ರಶ್ನೆಯನ್ನೇ ಮತ್ತೆ ಕೇಳುವವಳಿದ್ದೇನೆ.