ಯೋಜಿತವೆಂಬ ಗುರುತು

ದೊಡ್ಡ ಕಾರ್ಖಾನೆ, ಆಸ್ಪತ್ರೆ, ನೀರು ಸರಬರಾಜು ಮಂಡಳಿಗಳಲ್ಲಿ ಯಂತ್ರಗಳ ಜಾತಕವೆಲ್ಲ ಈಗ ಆಸ್ತಿ ನಿರ್ವಹಣೆಯ ಸಾಫ್ಟ್‌ವೇರಿನಲ್ಲಿ ಇರುತ್ತದೆ. ಪಂಪಿಗೆ ಗ್ರೀಸ್ ಹಾಕಿದರೂ, ಸುಟ್ಟ ಮೋಟರನ್ನು ರೀವೈಂಡಿಂಗಿಗೆ ಕಳಿಸಿದರೂ ಒಂದು ವರ್ಕ್ ಆರ್ಡರ್ ತೆರೆಯಬೇಕು. ಆ ಕೆಲಸ ಯೋಜಿತವೋ ಅಯೋಜಿತವೋ ಎಂದು ಗುರುತು ಹಾಕಬೇಕು. ತಿಂಗಳ ಕೊನೆಗೆ ಯೋಜಿತ ಕೆಲಸ ಶೇಕಡಾ ಎಷ್ಟು ಎಂಬ ಲೆಕ್ಕ ಮೇಲಧಿಕಾರಿಗೆ ಹೋಗುತ್ತದೆ. ಹೆಚ್ಚಿದ್ದರೆ ಶಹಬ್ಬಾಸ್, ಕಡಿಮೆಯಿದ್ದರೆ ವಿವರಣೆ ಕೊಡಿ. ಗುರುತು ಹೀಗೆ ತೀರ್ಪಾದ ಕೂಡಲೇ ಸುಳ್ಳು ಹೇಳಲು ಶುರುಮಾಡುತ್ತದೆ ಎಂಬುದು ನನ್ನ ವಾದ.

ತಿಂಗಳ ತಪಾಸಣೆಗೆ ಹೋದ ಫಿಟ್ಟರ್ ಓಡುತ್ತಿರುವ ಪಂಪಿನ ಬೇರಿಂಗಿನಲ್ಲಿ ಸದ್ದು ಕೇಳಿ, ಬದಲಿಸಬೇಕೆಂದು ಬರೆಯುತ್ತಾನೆ. ತಪಾಸಣೆಯೇನೋ ಯೋಜಿತ. ಬೇರಿಂಗ್ ಬದಲಾವಣೆ? ವರ್ಷದ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಅಯೋಜಿತ ಎಂದರೆ, ಕಿವಿ ಚುರುಕಿರುವವನಿಂದಲೇ ವಿಭಾಗದ ಅಂಕಿ ಕೆಡುತ್ತದೆ. ಮುಂದಿನ ತಿಂಗಳು ಯಾರಿಗೂ ಸದ್ದು ಕೇಳಿಸುವುದಿಲ್ಲ. ಬಿಡಿಭಾಗ ತರಿಸಿ, ದಿನ ಗೊತ್ತುಮಾಡಿ ಮಾಡಿದ್ದೆಲ್ಲ ಯೋಜಿತ ಎನ್ನೋಣವೇ? ಆಗ ಕೆಟ್ಟು ನಿಂತು ವಾರಗಟ್ಟಲೆ ಬಿಡಿಭಾಗಕ್ಕೆ ಕಾದ ಯಂತ್ರದ ರಿಪೇರಿಯೂ ಯೋಜಿತದ ಸಾಲಿಗೆ ಸೇರಿಬಿಡುತ್ತದೆ.

ತೊಡಕು ಫಿಟ್ಟರನದಲ್ಲ. ಒಂದೇ ಗುರುತಿನೊಳಗೆ ಎರಡು ಪ್ರಶ್ನೆಗಳನ್ನು ತುರುಕಿದ್ದೇವೆ: ದೋಷ ಮೊದಲೇ ತಿಳಿದಿತ್ತೇ? ಕೆಲಸಕ್ಕೆ ಸಿದ್ಧತೆ ನಡೆದಿತ್ತೇ? ತುಂಗಭದ್ರಾ ಅಣೆಕಟ್ಟನ್ನು ನೋಡಿ. 2024ರ ಆಗಸ್ಟ್ 10ರ ರಾತ್ರಿ ಅದರ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು, ಚೈನು ತುಂಡಾಗಿ, ಕೊಚ್ಚಿಹೋಯಿತು. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಆದರೆ ಮುಂದಿನ ಒಂದು ವಾರ ನಡೆದದ್ದು, ಅಂದರೆ ಉಳಿದ ಗೇಟುಗಳಿಂದಲೂ ನೀರು ಬಿಟ್ಟು ಒತ್ತಡ ತಗ್ಗಿಸಿದ್ದು, ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ತಡೆಯನ್ನು (ಸ್ಟಾಪ್ ಲಾಗ್) ತಯಾರಿಸಿದ್ದು, ಹರಿಯುವ ನೀರಿನಲ್ಲೇ ಅದನ್ನು ಇಳಿಸಿದ್ದು, ಇವೆಲ್ಲ ಲೆಕ್ಕ ಹಾಕಿಯೇ ಇಟ್ಟ ಹೆಜ್ಜೆಗಳು. ಮುನ್ಸೂಚನೆಯಿಲ್ಲದ ಕೆಲಸವನ್ನೂ ಯೋಜಿಸಿ ಮಾಡಬಹುದು.

ಯೂರೋಪಿನ ಇಎನ್ 13306 ಮಾನದಂಡ ಈ ವಿಷಯದಲ್ಲಿ ಜಾಣತನ ತೋರಿಸಿದೆ. ದೋಷ ಪತ್ತೆಯಾದ ಮೇಲೆ ಮಾಡುವ ದುರಸ್ತಿಯನ್ನು ಅದು ದೋಷ ಬಾರದಂತೆ ಮೊದಲೇ ಮಾಡುವ ನಿರ್ವಹಣೆಯಿಂದ ಬೇರೆಯಾಗಿಡುತ್ತದೆ; ಆ ದುರಸ್ತಿಯನ್ನೇ ಮತ್ತೆ ತಕ್ಷಣದ್ದು, ಮುಂದೂಡಿದ್ದು ಎಂದು ಒಡೆಯುತ್ತದೆ. ಎರಡು ಪ್ರಶ್ನೆ, ಎರಡು ಉತ್ತರ.

ಇನ್ನು ಯೋಜಿತವಾದದ್ದೆಲ್ಲ ಒಳ್ಳೆಯದೆಂಬ ನಂಬಿಕೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡಿನ ವಿಮಾನಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಿಗೆ ವಿಚಿತ್ರವೊಂದು ಕಂಡಿತು. ನಿಗದಿತ ತಪಾಸಣೆ ಮುಗಿದ ಬೆನ್ನಿಗೇ ರಿಪೇರಿಗಳು ಹೆಚ್ಚುತ್ತಿದ್ದವು, ಹಾರಾಟದ ಗಂಟೆಗಳು ಕಳೆದಂತೆ ಇಳಿಯುತ್ತಿದ್ದವು. ಸಿ. ಎಚ್. ವ್ಯಾಡಿಂಗ್ಟನ್ ಇದನ್ನು ದಾಖಲಿಸಿದ್ದಾರೆ. ಅಮೆರಿಕದ ನೌಲಾನ್ ಮತ್ತು ಹೀಪ್ 1978ರ ವರದಿಯಲ್ಲಿ ತೋರಿಸಿದಂತೆ, ಅವರು ನೋಡಿದ ವಿಮಾನ ಭಾಗಗಳಲ್ಲಿ ಶೇ. 89ರಷ್ಟಕ್ಕೆ ಇಂತಿಷ್ಟು ವಯಸ್ಸಿಗೆ ಬದಲಿಸಬೇಕೆಂಬ ನಿಯಮದಿಂದ ಪ್ರಯೋಜನವೇ ಇರಲಿಲ್ಲ. ಇನ್ನೊಂದೆಡೆ, ಕಾರಿಡಾರಿನ ಬಲ್ಬನ್ನು ಉರಿದು ಹೋಗುವವರೆಗೂ ಮುಟ್ಟದಿರುವುದು ಬುದ್ಧಿವಂತರ ನಿರ್ಧಾರ. ಆ ಬಲ್ಬು ಹೋದ ದಿನ ಸಾಫ್ಟ್‌ವೇರು ಅಯೋಜಿತ ಎನ್ನುತ್ತದೆ. ಯೋಜನೆ ಇದ್ದದ್ದೇ ಹಾಗೆ.

ಎರಡೇ ಆಯ್ಕೆಗಳಿದ್ದರೆ ಕೆಲಸ ಸಲೀಸು, ಹತ್ತು ಕೊಟ್ಟರೆ ಫಿಟ್ಟರ್ ಮೊದಲನೆಯದನ್ನೇ ಒತ್ತುತ್ತಾನೆ ಎಂಬ ಆಕ್ಷೇಪವಿದೆ. ನಿಜವೇ. ಅದಕ್ಕೇ ಅವನನ್ನು ವರ್ಗ ಕೇಳಬಾರದು, ಸಂಗತಿ ಕೇಳಬೇಕು: ದೋಷ ಕಂಡದ್ದು ಯಾವಾಗ, ಕಂಡಾಗ ಯಂತ್ರ ಓಡುತ್ತಿತ್ತೋ ನಿಂತಿತ್ತೋ, ಕೆಲಸಕ್ಕೆ ದಿನ ಗೊತ್ತಾದದ್ದು ಯಾವಾಗ, ಶುರುವಾದದ್ದು ಯಾವಾಗ. ಇಷ್ಟು ಸಿಕ್ಕರೆ ವರ್ಗವನ್ನು ಸಾಫ್ಟ್‌ವೇರೇ ಲೆಕ್ಕ ಹಾಕಲಿ. ದಿನಾಂಕವನ್ನೂ ತಿದ್ದಬಹುದು, ಆದರೆ ತನ್ನ ಕೆಲಸಕ್ಕೆ ತಾನೇ ಅಂಕ ಹಾಕಿಕೊಳ್ಳುವವನಿಗಿರುವಷ್ಟು ಆಮಿಷ ಅಲ್ಲಿಲ್ಲ.

ಅಯೋಜಿತ ಕೆಲಸ ಏರಿದ ತಿಂಗಳು ಮೇಲಧಿಕಾರಿ ಕೇಳಬೇಕಾದ್ದು ಇಷ್ಟು: ಹೆಚ್ಚು ಕೆಟ್ಟಿತೋ, ಹೆಚ್ಚು ಕಂಡಿತೋ? ಇವೆರಡನ್ನು ಬೇರ್ಪಡಿಸಲಾರದ ಲೆಕ್ಕವನ್ನು ಮುಂದಿಟ್ಟುಕೊಂಡು ಯಾರಿಗೂ ಬಹುಮಾನ ಕೊಡಬಾರದು, ಯಾರನ್ನೂ ದಂಡಿಸಬಾರದು.