ನಿಂದೆಯಿಲ್ಲದ ತಕ್ಕಡಿ

ಕೋಸಲದ ದೊರೆ ಪಸೇನದಿ ಹೊಟ್ಟೆ ಬಿರಿಯುವಷ್ಟು ಅನ್ನ ಉಂಡು, ಏದುಸಿರು ಬಿಡುತ್ತಾ ಬುದ್ಧನ ಮುಂದೆ ಬಂದು ಕೂತ. ಸಂಯುತ್ತ ನಿಕಾಯದಲ್ಲಿ ಬರುವ ಪ್ರಸಂಗ ಇದು. ಬುದ್ಧ ಬೈಯಲಿಲ್ಲ, ಉಪವಾಸ ಹಿಡಿ ಎನ್ನಲಿಲ್ಲ. ಎಚ್ಚರವಿಟ್ಟು ಅಳತೆಯಲ್ಲಿ ಉಂಡರೆ ಏನು ಸುಖ ಎಂಬುದನ್ನು ಒಂದು ಪುಟ್ಟ ಪದ್ಯದಲ್ಲಿ ಹೇಳಿದ, ಅಷ್ಟೆ. ರಾಜನ ಬೆನ್ನ ಹಿಂದೆ ಸುದಸ್ಸನ ಎಂಬ ಹುಡುಗ ನಿಂತಿದ್ದ. ಊಟಕ್ಕೆ ಕೂತಾಗಲೆಲ್ಲ ಆ ಪದ್ಯ ಹೇಳು ಎಂದು ರಾಜನೇ ಅವನಿಗೆ ದಿನಕ್ಕೆ 100 ಕಹಾಪಣ ನಾಣ್ಯ ಗೊತ್ತುಮಾಡಿದ. ಅನ್ನದ ಅಳತೆ ದ್ರೋಣದಿಂದ ಇಳಿಯುತ್ತಾ ಇಳಿಯುತ್ತಾ ಒಂದು ನಾಳಿಗೆ ಬಂದು ನಿಂತಿತು. ತೆಳ್ಳಗಾದ ರಾಜ ಮೈ ಸವರಿಕೊಳ್ಳುತ್ತಾ ಬುದ್ಧನ ಕರುಣೆಯನ್ನು ಕೊಂಡಾಡಿದ.

ಆಯುರ್ವೇದದ ಚರಕನ ದಾರಿ ಸ್ವಲ್ಪ ಬೇರೆ. ಅವನ ಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯದ ಹೆಸರೇ ‘ಅಷ್ಟೌನಿಂದಿತೀಯ’. ನಿಂದೆಗೆ ಗುರಿಯಾದ ಎಂಟು ಬಗೆಯ ಮೈಗಳನ್ನು ಅಲ್ಲಿ ಎಣಿಸಲಾಗಿದೆ. ಅತಿ ದಪ್ಪ, ಅತಿ ಸಣಕಲು ಎರಡೂ ಅದರಲ್ಲಿವೆ. ಆದರೆ ತಲೆಬರಹದಲ್ಲಿ ನಿಂದೆ ಇಟ್ಟವನು ಒಳಗೆ ಕಾರಣ ಹೇಳುವಾಗ ಮೆತ್ತಗಾಗುತ್ತಾನೆ. ಅತಿಯಾಗಿ ಉಣ್ಣುವುದು, ಹಗಲು ನಿದ್ದೆ, ಚಿಂತೆಯಿಲ್ಲದ ಬದುಕು ಇವುಗಳ ಸಾಲಿನಲ್ಲೇ ‘ಬೀಜಸ್ವಭಾವ’ವನ್ನೂ ಸೇರಿಸುತ್ತಾನೆ, ಅಂದರೆ ಅಪ್ಪ ಅಮ್ಮನಿಂದ ಬಂದದ್ದು. ಬೀಜದಿಂದ ಬಂದದ್ದಕ್ಕೆ ಹೊಣೆ ಯಾರು? ಈ ಪ್ರಶ್ನೆಯನ್ನು ಚರಕ ಬಿಡಿಸಲು ಹೋಗಲಿಲ್ಲ. ಹುರುಳಿ, ಹೆಸರು, ನವಣೆ, ಹಾರಕ ತಿನ್ನಿಸಿ, ನಿದ್ದೆ ಕಡಿಮೆ ಮಾಡಿಸಿ, ಮೈಗೆ ಕೆಲಸ ಕೊಡಿ, ಎಲ್ಲವನ್ನೂ ಹಂತಹಂತವಾಗಿ ಮಾಡಿ ಎಂದು ವೈದ್ಯನಿಗೆ ಹೇಳಿ ಮುಂದೆ ಹೋದ.

ನಮ್ಮ ಆಸ್ಪತ್ರೆಗಳಲ್ಲಿ ಉಳಿದುಕೊಂಡದ್ದು ಮಾತ್ರ ಆ ತಲೆಬರಹವೇ.

ಚಾಮರಾಜನಗರ ಸೀಮೆಯ ಯಾವ ಹೊರರೋಗಿ ವಿಭಾಗದಲ್ಲಾದರೂ ಈ ನೋಟ ಕಾಣಬಹುದು. ಚಪ್ಪಲಿ ಬಿಟ್ಟು ತೂಕದ ಮಿಷನ್ನು ಹತ್ತಿದ ಹೆಂಗಸು ಮುಳ್ಳಿನ ಕಡೆ ನೋಡುವುದಿಲ್ಲ, ಡಾಕ್ಟರ ಮುಖ ನೋಡುತ್ತಾಳೆ. “ಅನ್ನ ಕಮ್ಮಿ ಮಾಡಮ್ಮ, ವಾಕಿಂಗ್ ಮಾಡು” ಎನ್ನುವಷ್ಟರಲ್ಲಿ ಮುಂದಿನ ಚೀಟಿ ಕೈಗೆ ಬಂದಿರುತ್ತದೆ. “ನಾನೇನ್ ಮಹಾ ತಿಂದನು ಬುದ್ದಿ, ಗಾಳಿ ಕುಡುದ್ರೂ ಮೈ ಬತ್ತದ” ಎಂಬ ಅವಳ ಮಾತಿಗೆ ನಗು ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಅಂಥ ಎರಡು ಭೇಟಿಯಾದ ಮೇಲೆ ಅವಳು ಬಿಪಿ ಮಾತ್ರೆಗೂ ಬರದೆ ಹೋದರೆ ಆಶ್ಚರ್ಯವೇನು?

ಈ ಕೊರತೆ ವೈದ್ಯ ಶಿಕ್ಷಣಕ್ಕೆ ತಿಳಿಯದ್ದಲ್ಲ. 2019ರಲ್ಲಿ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮನೋಭಾವ, ನೀತಿ, ಸಂವಹನಕ್ಕೆಂದೇ ‘ಎಟ್‌ಕಾಮ್’ ಎಂಬ ಪಾಠ ಸೇರಿತು. ಆಮೇಲೆ ಬಂದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ವಿದ್ಯಾರ್ಥಿ ಕೆಲವು ಹಳ್ಳಿಮನೆಗಳ ಜೊತೆ ಓದಿನ ವರ್ಷಗಳಲ್ಲಿ ನಂಟು ಇಟ್ಟುಕೊಳ್ಳಬೇಕು. ತೂಕದ ಸಲಹೆಗೆ ಬೇರೆ ದೇಶಗಳಲ್ಲಿ ಕಲಿಸುವ ಕ್ರಮದ ಮೊದಲ ಮೆಟ್ಟಿಲೂ ಅಪ್ಪಣೆ ಕೇಳುವುದೇ: “ನಿಮ್ಮ ತೂಕದ ವಿಚಾರ ಮಾತಾಡಬಹುದಾ?” ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ರೋಗಿಗಳಿಗಾಗಿ ಮುಂದಿಟ್ಟ ಮಾತಿನ ಪದ್ಧತಿ ಈಗ ಬೊಜ್ಜಿಗೂ ಬಂದಿದೆ. ಬದಲಾಗಲು ಕಾರಣವನ್ನು ರೋಗಿಯ ಬಾಯಿಂದಲೇ ಹೊರಡಿಸುವುದು ಅದರ ಗುಟ್ಟು. ಪದ್ಯ ಹೇಳಲು ಹುಡುಗನನ್ನು ಇಟ್ಟುಕೊಂಡವನು ಪಸೇನದಿಯೇ ಎಂಬುದು ಇಲ್ಲಿ ನೆನಪಾಗುತ್ತದೆ.

ಇಷ್ಟಾದರೂ ಪುಣಜನೂರಿಗೆ ಬಂದಾಗ ಪಾಠ ಎಡವುತ್ತದೆ. ಸತ್ಯಮಂಗಲದ ರಸ್ತೆಯಲ್ಲಿ ಅರಣ್ಯ ಚೆಕ್‌ಪೋಸ್ಟ್ ಇರುವ ಊರು, ಸುತ್ತ ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಾಡಿಗಳು. ಒಂದು ಕಾಲಕ್ಕೆ ರಾಗಿ, ನೂರೆ ಗೆಣಸು, ಕಾಡಿನ ಸೊಪ್ಪು, ಜೇನು ಇದ್ದ ಊಟ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು, ತಟ್ಟೆಗೆ ಪಡಿತರದ ಅಕ್ಕಿ ಬಂತು. ಇಲ್ಲಿ ಒಂದೇ ಮನೆಯಲ್ಲಿ ರಕ್ತಹೀನತೆಯ ಸೊಸೆ, ಸಕ್ಕರೆ ಕಾಯಿಲೆಯ ಮಾವ ಇಬ್ಬರೂ ಇರಬಹುದು. ‘ಅನ್ನ ಕಮ್ಮಿ ಮಾಡಿ’ ಎಂದರೆ ಗುಂಡ್ಲುಪೇಟೆಯ ಅಂಗಡಿಯವರಿಗೆ ರುಚಿಯ ಪ್ರಶ್ನೆ, ಪೋಡಿನಲ್ಲಿ ಹೊಟ್ಟೆಯ ಪ್ರಶ್ನೆ.

ಗೀತೆಯ ಯುಕ್ತಾಹಾರವನ್ನು, ಅಂದರೆ ಹಿತಮಿತದ ಊಟವನ್ನು, ಸಲಹೆಗಾರರು ಸಲೀಸಾಗಿ ಎತ್ತಿ ಹೇಳುತ್ತಾರೆ. ಅದು ಯೋಗಿಗೆ ಹೇಳಿದ್ದು, ತಟ್ಟೆಗೆ ಏನು ಬೀಳಬೇಕೆಂದು ತಾನೇ ಗೊತ್ತುಮಾಡಿಕೊಳ್ಳಬಲ್ಲವನಿಗೆ. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಬರೀ ಆಸ್ಪತ್ರೆಗೆ ನಿಲ್ಲದೆ ಶಾಲೆ, ದುಡಿಮೆಯ ಕಡೆಗೂ ಕೈಹಾಕಿದ್ದರ ಹಿಂದೆ, ತಟ್ಟೆಯ ಆಯ್ಕೆ ಎಲ್ಲರ ಕೈಯಲ್ಲಿಲ್ಲ ಎಂಬ ತಿಳಿವಳಿಕೆ ಇದ್ದಿರಬೇಕು.

ರಾಜನ ಬೆನ್ನಿಗೆ ಸುದಸ್ಸನ ಇದ್ದ. ಪೋಡಿನಲ್ಲಿ ಊಟದ ಹೊತ್ತಿಗೆ ಹೊಸ್ತಿಲ ತನಕ ಬರಬಲ್ಲವಳು ಆಶಾ ಕಾರ್ಯಕರ್ತೆ ಒಬ್ಬಳೇ. ಚೀಲ ಇಳಿಸಿ ಜಗುಲಿಯಲ್ಲಿ ಕೂತು ಅವಳು ಮೊದಲು ಕೇಳುವುದು, “ರಾತ್ರ ಏನ್ ಉಂಡ್ರಕ್ಕ?” ಎಂದು. ಡಾಕ್ಟರಾಗಲಿರುವ ಹುಡುಗ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿರುತ್ತಾನೆ. ಮನೆಯವರು ಅವನಿಗೆ ಚಾಪೆ ಹಾಸಿ, ಸಕ್ಕರೆ ಜಾಸ್ತಿ ಹಾಕಿದ ಟೀ ಕೊಡುತ್ತಾರೆ.