ನಾಳೆ ಯಾವ ವೇಷ?

ಸಂಜೆ ಏಳು ಗಂಟೆಗೆ ಶಾಲೆಯ ವಾಟ್ಸಪ್ ಗುಂಪಿಗೆ ಸೂಚನೆ ಬರುತ್ತದೆ: ನಾಳೆ ಹಳದಿ ದಿನ, ಸಣ್ಣ ತರಗತಿಯ ಮಕ್ಕಳೆಲ್ಲ ಹಳದಿ ಬಟ್ಟೆಯಲ್ಲೇ ಬರಬೇಕು. ಮುಂದಿನ ತಿಂಗಳು ಹಣ್ಣುಗಳ ದಿನ. ಒಂದು ಮಗು ಅನಾನಸು, ಇನ್ನೊಂದು ಮಾವಿನಹಣ್ಣು. ಆಮೇಲೆ ಇಬ್ಬಿಬ್ಬರು ಒಂದೇ ತರಹ ಉಡುವ ಜೋಡಿ ದಿನ, ಪೈಜಾಮ ದಿನ, ತಲೆಗೂದಲನ್ನು ಆದಷ್ಟು ವಿಚಿತ್ರವಾಗಿ ಕಟ್ಟಿಕೊಂಡು ಬರುವ ಕ್ರೇಜಿ ಹೇರ್ ಡೇ. ನವೆಂಬರ್ 14ಕ್ಕೆ ಹೇಗೂ ವೇಷಸ್ಪರ್ಧೆ ಇದ್ದೇ ಇದೆ. ನಮ್ಮ ಕಾಸರಗೋಡಿನ ಕಡೆ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ನೋಡುತ್ತಿದ್ದ ಈ ರೂಢಿ ಈಗ ಕನ್ನಡ ಮಾಧ್ಯಮದ ಶಾಲೆಗಳಿಗೂ ಬರುತ್ತಿದೆ. ಮಕ್ಕಳ ಸಂಖ್ಯೆ ಉಳಿಸಿಕೊಳ್ಳಬೇಕಾದರೆ ಇಂಥದ್ದೆಲ್ಲ ಮಾಡಲೇಬೇಕು ಎಂದು ಟೀಚರುಗಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಭಾನುವಾರದ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತಾಗ ಈ ವಿಷಯದಲ್ಲಿ ನಮ್ಮೊಳಗೆ ಎರಡು ಪಕ್ಷಗಳಾಗುವುದನ್ನು ಕಾಣುತ್ತೇವೆ. ಹಿರಿಯರು ಹೆಚ್ಚಾಗಿ ಒಂದು ಕಡೆ: ಶಾಲೆಗೆ ಹೋಗುವುದು ಕಲಿಯಲಿಕ್ಕೋ ಕೋಡಂಗಿ ಕುಣಿತಕ್ಕೋ? ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ? ಎಳೆಯ ತಾಯಂದಿರು ಇನ್ನೊಂದು ಕಡೆ: ಹೋಮ್‌ವರ್ಕ್, ಟ್ಯೂಷನ್ ಎಂದು ಬೆನ್ನು ಬಾಗಿದ ಮಕ್ಕಳಿಗೆ ಒಂದು ದಿನದ ಖುಷಿ, ಅದನ್ನೂ ಕಿತ್ತುಕೊಳ್ಳಬೇಕೇ? ಈ ಎರಡು ಪಕ್ಷಗಳ ನಡುವೆ ಇನ್ನು ಕೆಲವರಿದ್ದಾರೆ. ಅವರು ಮಾತಾಡುವುದು ಕಡಿಮೆ. ಅವರ ಮಕ್ಕಳು ಅಂಥ ದಿನಗಳಲ್ಲಿ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತಾರೆ.

ಹಿರಿಯರ ಮಾತನ್ನು ಮೊದಲು ತೆಗೆದುಕೊಳ್ಳೋಣ. ಆಟ, ನಗೆ, ಹುಚ್ಚು ವೇಷ ಇವೆಲ್ಲ ಭಕ್ತಿಯ ಬಾಳಿಗೆ ಸಲ್ಲದವು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಧರ್ಮಸಭೆಯ ದೊಡ್ಡ ಗುರುಗಳು ಹಾಗೆ ಕಲಿಸಲಿಲ್ಲ. ಸಂತ ತೋಮಾಸ್ ಅಕ್ವಿನಾಸರು ತಮ್ಮ ದೇವಶಾಸ್ತ್ರದ ಮಹಾಗ್ರಂಥದಲ್ಲಿ ಆಟದ ವಿಚಾರವನ್ನೇ ಎತ್ತಿಕೊಂಡು, ಅತಿಯಾದ ಆಟ ತಪ್ಪೇ ಎಂದು ಕೇಳಿದಂತೆಯೇ ಆಟವೇ ಇಲ್ಲದಿರುವುದು ತಪ್ಪೇ ಎಂದೂ ಕೇಳುತ್ತಾರೆ. ಹೌದು, ಅದೂ ತಪ್ಪು ಎನ್ನುತ್ತಾರೆ. ತಾನೂ ನಗದೆ ಇತರರನ್ನೂ ನಗಲು ಬಿಡದವನು ಸುತ್ತಲಿನವರಿಗೆ ಹೊರೆಯಾಗುತ್ತಾನೆ ಎಂಬುದು ಅವರ ವಾದ. ಅಲ್ಲಿಯೇ ಅವರು ಒಂದು ಹಳೆಯ ಕಥೆ ಹೇಳುತ್ತಾರೆ. ಪ್ರೇಷಿತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಅವರಲ್ಲಿ ಒಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡು ಎಂದರು ಯೊವಾನ್ನರು. ಬಿಟ್ಟ. ಮತ್ತೆ ಮತ್ತೆ ಬಿಡಿಸಿ, ಹೀಗೇ ಎಡೆಬಿಡದೆ ಬಿಡುತ್ತಿರಬಹುದೇ ಎಂದು ಕೇಳಿದರು. ಬಿಲ್ಲು ಮುರಿದೀತು ಎಂದ. ಮನಸ್ಸೂ ಹಾಗೆಯೇ ಎಂದರಂತೆ ಯೊವಾನ್ನರು.

16ನೆಯ ಶತಮಾನದ ರೋಮಿನಲ್ಲಿದ್ದ ಸಂತ ಫಿಲಿಪ್ ನೇರಿಯವರಂತೂ ಇನ್ನೂ ಮುಂದೆ ಹೋದರು. ಜನ ತಮ್ಮನ್ನು ಸಂತ ಎಂದು ಕೊಂಡಾಡತೊಡಗಿದಾಗ ಅರ್ಧ ಗಡ್ಡ ಬೋಳಿಸಿಕೊಂಡು ಬೀದಿಗೆ ಬಂದರು. ಬಟ್ಟೆಯನ್ನು ಒಳಹೊರಗಾಗಿ ತೊಟ್ಟರು. ಯಾವ ಶಾಲೆಯ ಕ್ರೇಜಿ ಹೇರ್ ಡೇಯಲ್ಲೂ ಅವರಿಗೆ ಮೊದಲ ಬಹುಮಾನ ಸಿಗುತ್ತಿತ್ತು.

ಅದಕ್ಕೂ ಹಿಂದೆ ಯುರೋಪಿನ ಅನೇಕ ಪ್ರಧಾನಾಲಯಗಳಲ್ಲಿ ಒಂದು ಪದ್ಧತಿಯಿತ್ತು. ಗಾನವೃಂದದ ಹುಡುಗರಲ್ಲಿ ಒಬ್ಬನಿಗೆ ಬಿಷಪರ ಕಿರೀಟ, ದಂಡ, ನಿಲುವಂಗಿ ತೊಡಿಸುತ್ತಿದ್ದರು. ಡಿಸೆಂಬರ್ 6ರ ಸಂತ ನಿಕೊಲಾಸರ ಹಬ್ಬದಿಂದ 28ರ ಮುಗ್ಧ ಶಿಶುಗಳ ಹಬ್ಬದವರೆಗೆ ಅವನೇ ಬಾಲಬಿಷಪ್. ಬಲಿಷ್ಠರನ್ನು ಗದ್ದುಗೆಯಿಂದ ಇಳಿಸುವ ದೇವರನ್ನು ಮರಿಯಮ್ಮನವರು ಕೊಂಡಾಡುವ ಗೀತೆಯಿದೆಯಲ್ಲ, ಅದನ್ನು ಹಾಡುವಾಗ ಆ ಸಾಲು ಬಂದೊಡನೆ ಹುಡುಗ ಪೀಠಕ್ಕೆ ಏರುತ್ತಿದ್ದ. ಇಂಥ ಆಟಗಳು ಅತಿಗೆ ಹೋದಾಗ 1435ರಲ್ಲಿ ಬಾಸೆಲ್ ಮಹಾಸಭೆ ಅವನ್ನು ಖಂಡಿಸಿತು. ಇಂಗ್ಲೆಂಡಿನಲ್ಲಿ ದೊರೆ ಎಂಟನೆಯ ಹೆನ್ರಿ 1541ರಲ್ಲಿ ಬಾಲಬಿಷಪ್ ಪದ್ಧತಿಯನ್ನೇ ನಿಲ್ಲಿಸಿದ. ಹುಚ್ಚು ವೇಷದ ದಿನ ಬೇಕೋ ಬೇಡವೋ ಎಂಬ ನಮ್ಮ ಅಂಗಳದ ಜಗಳಕ್ಕೆ ಹೆಚ್ಚುಕಡಿಮೆ ಆರುನೂರು ವರ್ಷ ವಯಸ್ಸಾಯಿತು ಎನ್ನಬಹುದು.

ಹಾಗಾದರೆ ತಾಯಂದಿರೇ ಗೆದ್ದರು ಎಂದು ಮುಗಿಸಬಹುದಿತ್ತು. ನಮಗೆ ಹಾಗೆ ಅನಿಸುವುದಿಲ್ಲ. ಫಿಲಿಪ್ ನೇರಿ ನಗೆಪಾಟಲಾಗಿಸಿದ್ದು ತಮ್ಮನ್ನೇ. ಬಾಲಬಿಷಪನ ಆಟದಲ್ಲಿ ನಗೆ ಹೋದದ್ದು ಮೇಲಿನವರ ಕಡೆಗೆ, ಬಿಷಪರ ಪೀಠದ ಕಡೆಗೆ. ಅದನ್ನು ತಡೆದುಕೊಳ್ಳುವ ಶಕ್ತಿ ಆ ಪೀಠಕ್ಕಿತ್ತು. ನಗೆ ಕೆಳಗೆ ಹರಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ತುಳುನಾಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕೊರಗ ವೇಷವನ್ನು ನಮ್ಮ ಹಿರಿಯರೆಲ್ಲ ನೋಡಿದ್ದಾರೆ. ಹಬ್ಬದ ದಿನಗಳಲ್ಲಿ ಮೈಗೆಲ್ಲ ಮಸಿ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ, ತಲೆಗೆ ಹಾಳೆಯ ಮುಟ್ಟಾಳೆ ಇಟ್ಟು, ಅರ್ಥವಿಲ್ಲದ್ದೇನನ್ನೋ ಒದರುತ್ತ ಅಂಗಡಿ ಬೀದಿಯಲ್ಲಿ ಕುಣಿಯುವುದು. ನೋಡಿದವರು ನಕ್ಕು ಚಿಲ್ಲರೆ ಹಾಕುತ್ತಿದ್ದರು. ಕೊರಗರು ನಮ್ಮ ನೆರೆಯವರೇ. ಮಂಜೇಶ್ವರದ ಕಡೆಗೂ ಬದಿಯಡ್ಕದ ಕಡೆಗೂ ಅವರ ಮನೆಗಳಿವೆ. ಕಾಡಿನ ಬಳ್ಳಿಯಲ್ಲಿ ಅವರು ಹೆಣೆದ ಬುಟ್ಟಿಗಳು ನಮ್ಮ ಹಟ್ಟಿಯಲ್ಲೂ ಅಡುಗೆಮನೆಯಲ್ಲೂ ಇದ್ದವು. ಅವರಿಗೆ ತಮ್ಮದೇ ಭಾಷೆಯಿದೆ. ವೇಷದವರು ಒದರುತ್ತಿದ್ದ ಅರ್ಥವಿಲ್ಲದ ಮಾತು ಅದಲ್ಲ. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ರೋಗವನ್ನು ಅವರ ಮೇಲೆ ದಾಟಿಸಿದೆವೆಂದು ನಂಬುವ ಅಜಲು ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ವೇಷವೂ ತಮಗೆ ಅವಮಾನವೆಂದು ಕೊರಗರ ಸಂಘಟನೆಗಳು ಹೇಳುತ್ತಲೇ ಬಂದವು. ಬೀದಿಯಲ್ಲಿ ಅದು ಈಗ ನಾಚಿಕೆಯ ವಿಷಯವಾಗಿದೆ. ಆದರೆ ಶಾಲಾ ವಾರ್ಷಿಕೋತ್ಸವದ ವೇದಿಕೆಯನ್ನು ಒಮ್ಮೆ ನೋಡಿ: ಮುಖಕ್ಕೆ ಕರಿ, ಸೊಂಟಕ್ಕೆ ಎಲೆ, ಕೈಯಲ್ಲಿ ಕೋಲು, ಬಾಯಲ್ಲಿ ಹೂಹಾ. ಹೆಸರು ಮಾತ್ರ ಆದಿವಾಸಿ ಡ್ಯಾನ್ಸ್ ಎಂದಾಗಿದೆ.

ಭಿಕ್ಷುಕನ ವೇಷವೂ ಅದೇ ಜಾತಿಯದು. ವೇಷಸ್ಪರ್ಧೆಯಲ್ಲಿ ಸುಲಭದಲ್ಲಿ ಬಹುಮಾನ ಬರುವ ವೇಷ ಅದು. ಖರ್ಚಿಲ್ಲ, ಹರಿದ ಅಂಗಿ, ಕೆದರಿದ ತಲೆ, ಕೈಯಲ್ಲೊಂದು ತಟ್ಟೆ ಸಾಕು. ಮಗು ಕುಂಟುತ್ತ ಬಂದು ಅಮ್ಮಾ ಎನ್ನುವಾಗ ಸಭೆಯೆಲ್ಲ ಗೊಳ್ಳೆಂದು ನಗುತ್ತದೆ. ಧನಿಕನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಸಾಮತಿಯನ್ನು ಪ್ರತಿವರ್ಷ ಪೂಜೆಯಲ್ಲಿ ಕೇಳುವ ನಾವು ಆ ನಗೆಯಲ್ಲಿ ಹೇಗೆ ಸೇರಿಕೊಳ್ಳುತ್ತೇವೆಂದು ಕೇಳಿಕೊಳ್ಳಬೇಕಾಗಿದೆ. ನಮ್ಮ ಕೇರಳದಲ್ಲಿ ಈಗ ಇನ್ನೊಂದು ವೇಷ ಸೇರಿಕೊಂಡಿದೆ: ಬಾಯಿತುಂಬ ಎಲೆಅಡಿಕೆ, ಹೆಗಲ ಮೇಲೆ ಹಾರೆ, ಒಡಕು ಹಿಂದಿ, ಅಂದರೆ ಹೊರರಾಜ್ಯದ ಕೂಲಿಕಾರ. ಸರಕಾರ ಅವರನ್ನು ಅತಿಥಿ ಕಾರ್ಮಿಕರು ಎಂದು ಕರೆಯುತ್ತದೆ. ಜಾರ್ಖಂಡಿನಿಂದ, ಒಡಿಶಾದಿಂದ ಬಂದ ಅವರಲ್ಲಿ ಕಥೋಲಿಕರೂ ಇದ್ದಾರೆ. ಭಾಷೆ ಬಾರದಿದ್ದರೂ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ಗಡಿಯಲ್ಲಿದ್ದು, ನಮ್ಮ ಮಲಯಾಳದ ಉಚ್ಚಾರವನ್ನು ಕಂಡವರು ಅಣಕಿಸುವುದನ್ನು ಅನುಭವಿಸಿದ ನಾವು ಇನ್ನೊಬ್ಬರ ಹಿಂದಿಯನ್ನು ಅಣಕಿಸಿ ನಗುವುದು ಹೇಗೆ?

ಮಗುವಿನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ, ಇಲ್ಲ. ಆದರೆ ಒಂದು ಕೃತ್ಯದ ಒಳಿತು ಕೆಡುಕನ್ನು ಉದ್ದೇಶವೊಂದರಿಂದಲೇ ಅಳೆಯುವುದಿಲ್ಲವೆಂದು ಧರ್ಮಸಭೆಯ ಧರ್ಮೋಪದೇಶ ಕಲಿಸುತ್ತದೆ. ಮಾಡಿದ ಕೆಲಸ ಯಾವುದು, ಯಾಕೆ ಮಾಡಿದೆವು, ಯಾವ ಸಂದರ್ಭದಲ್ಲಿ ಎಂಬ ಮೂರನ್ನೂ ನೋಡಬೇಕು. ಮಗುವಿನ ಉದ್ದೇಶ ಶುದ್ಧವಾಗಿರಬಹುದು. ಆ ತರಗತಿಯಲ್ಲಿ ಒಬ್ಬ ಕೊರಗ ಹುಡುಗಿ ಕುಳಿತಿದ್ದಾಳೆ ಎಂಬುದು ಸಂದರ್ಭ. ಅದು ಮಗುವಿಗೆ ತಿಳಿಯದು, ವೇಷ ಕಟ್ಟಿದ ದೊಡ್ಡವರಿಗೆ ತಿಳಿದಿರಬೇಕು. ಹಾಗಾಗಿ ಇಲ್ಲಿ ಲೆಕ್ಕ ಒಪ್ಪಿಸಬೇಕಾದವರು ಮಕ್ಕಳಲ್ಲ.

ಇನ್ನು ಹೊಟ್ಟೆನೋವಿನ ಮಕ್ಕಳ ಮಾತು. ಸಮವಸ್ತ್ರ ಇರುವುದೇ ಮನೆಯ ಸ್ಥಿತಿ ತರಗತಿಯಲ್ಲಿ ಕಾಣಬಾರದೆಂದು. ಸರಕಾರಿ ಶಾಲೆಯ ಸಣ್ಣ ಮಕ್ಕಳಿಗೆ ಕೇರಳ ಸರಕಾರ ಕೈಮಗ್ಗದ ಬಟ್ಟೆಯ ಸಮವಸ್ತ್ರವನ್ನು ಉಚಿತವಾಗಿ ಕೊಡುತ್ತಿರುವುದೂ ಅದಕ್ಕೇ. ವೇಷದ ದಿನವೆಂದರೆ ಆ ಪರದೆಯನ್ನು ಒಂದು ದಿನದ ಮಟ್ಟಿಗೆ ತೆಗೆದಂತೆ. ಸಾವಿರ ಬೀಡಿ ಕಟ್ಟಿ ಮಜೂರಿ ತರುವ ತಾಯಿಗೆ ಸಂಜೆ ಏಳಕ್ಕೆ ಹಳದಿ ಅಂಗಿ ಎಲ್ಲಿಂದ ಬರಬೇಕು? ಬಾಡಿಗೆಯ ಅನಾನಸು ವೇಷಕ್ಕೆ ಆಕೆಯ ದಿನದ ದುಡಿಮೆಯೇ ಹೋಗುತ್ತದೆ. ಆಗದವರು ಸಮವಸ್ತ್ರದಲ್ಲೇ ಬರಬಹುದು ಎಂದು ಸೂಚನೆಯ ಕೊನೆಯಲ್ಲಿ ಒಂದು ಸಾಲು ಇರುತ್ತದೆ. ಆ ಸಾಲನ್ನು ಬರೆದವರ ಮನಸ್ಸು ಒಳ್ಳೆಯದೇ. ಆದರೆ ಇಡೀ ತರಗತಿ ಹಳದಿಯಾಗಿರುವಾಗ ನೀಲಿ ಸಮವಸ್ತ್ರದಲ್ಲಿ ಕುಳಿತ ಒಂದು ಮಗುವನ್ನು ಊಹಿಸಿ ನೋಡಿ. ಸಭೆಗೆ ಚಿನ್ನದ ಉಂಗುರದವನು ಬಂದರೆ ಒಳ್ಳೆಯ ಜಾಗ, ಕೊಳಕು ಬಟ್ಟೆಯ ಬಡವ ಬಂದರೆ ಅಲ್ಲಿ ನಿಲ್ಲು ಎನ್ನುವವರನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಗದರಿಸುತ್ತಾರೆ. ಇಲ್ಲಿ ಯಾರೂ ಬಾಯಿಬಿಟ್ಟು ಅಲ್ಲಿ ನಿಲ್ಲು ಎನ್ನುವುದಿಲ್ಲ. ಗ್ರೂಪ್ ಫೋಟೊ ತೆಗೆಯುವಾಗ ಮಗುವೇ ಹೋಗಿ ಬದಿಯಲ್ಲಿ ನಿಲ್ಲುತ್ತದೆ.

ಬ್ರಿಟನ್ನಿನಲ್ಲಿ ನರ್ಸ್ ಕೆಲಸದಲ್ಲಿರುವ ನಮ್ಮವರಿಗೆ ಈ ಸಮಸ್ಯೆ ಹೊಸತಲ್ಲ. ಅಲ್ಲಿ ಮಾರ್ಚ್ ತಿಂಗಳಲ್ಲಿ ಪುಸ್ತಕ ದಿನ ಬರುತ್ತದೆ. ಮಕ್ಕಳು ಕಥೆಪುಸ್ತಕದ ಪಾತ್ರವಾಗಿ ಶಾಲೆಗೆ ಹೋಗಬೇಕು. ಖರ್ಚು ತಾಳದೆ ತಂದೆತಾಯಂದಿರು ಗೊಣಗಿದಾಗ ಕೆಲವು ಶಾಲೆಗಳು ಒಂದು ಉಪಾಯ ಕಂಡುಕೊಂಡವು: ವೇಷ ಮಗುವಿಗೆ ಬೇಡ, ಒಂದು ಆಲೂಗಡ್ಡೆಗೆ ಹಾಕಿ ತನ್ನಿ. ಮೂಗು, ಮೀಸೆ, ಕಾಗದದ ಟೊಪ್ಪಿಯ ಆಲೂಗಡ್ಡೆಗಳು ಸಾಲಾಗಿ ಕೂತಾಗ ಯಾವುದು ಸಿರಿವಂತರ ಮನೆಯದು ಎಂದು ಹೇಳುವುದು ಕಷ್ಟ. ನಮ್ಮಲ್ಲಿ ಎಳೆ ಸೌತೆಕಾಯಿಗೂ ತೆಂಗಿನ ಗೆರಟೆಗೂ ಬರಗಾಲವಿಲ್ಲ.

ನವೆಂಬರ್ 1ರ ಮಾತನ್ನು ಇಲ್ಲಿ ಹೇಳದೆ ಬಿಡಲಾಗದು. ಧರ್ಮಸಭೆಗೆ ಅದು ಸಕಲ ಸಂತರ ಹಬ್ಬ. ಗಡಿಯಾಚೆ ರಾಜ್ಯೋತ್ಸವ. ಇಲ್ಲಿ ಕೇರಳಪ್ಪಿರವಿ, 1956ರ ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿದ್ದು. ಆ ದಿನ ಮಕ್ಕಳು ಕಸವಿನ ಅಂಚಿನ ಬಟ್ಟೆಯಲ್ಲಿ ಬರಬೇಕೆಂದು ಸೂಚನೆ ಬರುತ್ತದೆ. ಅದು ಹುಚ್ಚು ವೇಷವಲ್ಲ, ಚಂದದ ಉಡುಗೆ. ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸುವ ಮಲಯಾಳಿ ಕುಟುಂಬಗಳ ಹೆಮ್ಮೆ. ನೆರೆಯವರ ಹಬ್ಬಕ್ಕೆ ಪ್ರೀತಿಯಿಂದ ಉಟ್ಟುಕೊಂಡು ಹೋಗುವುದರಲ್ಲಿ ನಮಗೇನೂ ನಷ್ಟವಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ಕರೆದು ಉಡಿಸುವುದು ಬೇರೆ, ಉಡಲೇಬೇಕೆನ್ನುವುದು ಬೇರೆ, ಅಷ್ಟೇ. ಕಡ್ಡಾಯವಾದ ಕೂಡಲೇ ಎಂಥ ಚಂದದ ಬಟ್ಟೆಯೂ ತೊಟ್ಟ ಮಗುವಿಗೆ ವೇಷವಾಗುತ್ತದೆ. ಕನ್ನಡ ಶಾಲೆಯಲ್ಲಿ ಓದುತ್ತಿರುವ ಮಲಯಾಳ ಮನೆಮಾತಿನ ಮಗುವಿಗೆ ನಾವು ಹಳದಿ ಕೆಂಪು ಶಾಲು ಹೊದಿಸುವಾಗಲೂ ಇದೇ ಮಾತು ಸಲ್ಲುತ್ತದೆ.

ಶಾಲೆಗಳಿಗೆ ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸಭಾಭವನದ ಬಾಗಿಲನ್ನೂ ತೆರೆದು ನೋಡಬೇಕು. ಕ್ರಿಸ್ಮಸ್ ನಾಟಕದಲ್ಲಿ ದೇವದೂತರು ಯಾರಾಗುತ್ತಾರೆ? ಬೆಳ್ಳಗಿನ ಮಕ್ಕಳು. ಸೈತಾನ ಯಾರು? ಹೇಳಬೇಕಾಗಿಲ್ಲ. ಗೋದಲಿಯಲ್ಲಿ ಇಡುವ ಮೂವರು ಜ್ಞಾನಿಗಳಲ್ಲಿ ಒಬ್ಬರನ್ನು ಕಪ್ಪು ಮೈಬಣ್ಣದಲ್ಲಿ ಮಾಡುವ ಸಂಪ್ರದಾಯ ನಮ್ಮ ಧರ್ಮಸಭೆಯದೇ. ಅವರ ಕೈಯಲ್ಲಿ ಕಾಣಿಕೆಯಿದೆ, ತಲೆಯ ಮೇಲೆ ಕಿರೀಟವಿದೆ. ಕಪ್ಪು ಮೈಯನ್ನು ರಾಜನದೆಂದು ಪ್ರತಿವರ್ಷ ಗೋದಲಿಯ ಮುಂದೆ ಮೊಣಕಾಲೂರಿ ಒಪ್ಪಿಕೊಂಡು, ಮರುಗಳಿಗೆ ವೇದಿಕೆಯಲ್ಲಿ ಅದನ್ನೇ ಸೈತಾನನಿಗೆ ಕೊಡುವುದು ವಿಚಿತ್ರವೇ ಸರಿ.

ಬರುವ ಸಕಲ ಸಂತರ ಹಬ್ಬಕ್ಕೆ ಕ್ರಿಸ್ತೀಯ ಶಿಕ್ಷಣದ ಮಕ್ಕಳು ಎಂದಿನಂತೆ ಸಂತರ ವೇಷದಲ್ಲಿ ಬರಲಿ ಎಂಬುದೇ ನಮ್ಮ ಆಸೆ. ಆದರೆ ಬಾಡಿಗೆ ಬಟ್ಟೆ ಬೇಡ. ಪ್ರತಿ ವಾರ್ಡಿನ ಗುರಿಕಾರರು ಹಳೆಯ ಸೀರೆ, ಬೆಡ್‌ಶೀಟು, ಬೈರಾಸುಗಳನ್ನು ಒಟ್ಟುಮಾಡಿ ಕೊಟ್ಟರೆ ಒಂದು ಶನಿವಾರ ಮಧ್ಯಾಹ್ನ ಎಲ್ಲ ಮಕ್ಕಳೂ ಸಭಾಭವನದಲ್ಲಿ ಒಟ್ಟಿಗೆ ಕುಳಿತು ಕತ್ತರಿಸಿ ಹೊಲಿದುಕೊಳ್ಳಬಹುದು. ಯಾವ ಮಗುವಿಗೆ ಯಾವ ಸಂತ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಲಿ. ಮೈಬಣ್ಣ, ಮನೆತನ ನೋಡಿ ಬೇಡ. ಶಾಲೆಗಳಲ್ಲಿ ಶಿಕ್ಷಕರಾಗಿರುವ ನಮ್ಮ ಧರ್ಮಕೇಂದ್ರದವರು ಅಲ್ಲಿಯೂ ಎರಡು ಮಾತು ಹೇಳಬಹುದು: ಸೂಚನೆ ಹಿಂದಿನ ಸಂಜೆ ಬರುವುದು ಬೇಡ, ಎರಡು ವಾರ ಮೊದಲೇ ಬರಲಿ, ಕ್ರೇಜಿ ಹೇರ್ ಡೇ ದಿನ ಮೊದಲು ಹೆಡ್‌ಮಾಸ್ಟರರ ತಲೆ ಕೆದರಲಿ. ಫಿಲಿಪ್ ನೇರಿಯವರ ಚೀಟಿ ಹುಡುಗಿಯೊಬ್ಬಳಿಗೆ ಬಂದರೆ ಅರ್ಧ ಗಡ್ಡ ಅಂಟಿಸಬಹುದೇ ಎಂದು ಒಬ್ಬಳು ಈಗಾಗಲೇ ಕೇಳಿದ್ದಾಳೆ. ಧಾರಾಳವಾಗಿ ಅಂಟಿಸಬಹುದು.